ನನ್ನ ಮಣಿಕಟ್ಟಿನ ದೋಣಿ

ನೀವು ಇದನ್ನು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ನಷ್ಟವಿಲ್ಲ, ಎಕ್ಸ್‌ರೇ ನನ್ನ ಹತ್ತಿರ ಇದೆ. ನನ್ನ ಬಲಗೈ ಮಣಿಕಟ್ಟಿನಲ್ಲಿ ಒಂದು ದೋಣಿ ಇದೆ, ಅದರ ಮೇಲೊಂದು ನಶ್ಯದ ಡಬ್ಬಿ ಇದೆ. ಆ ದೋಣಿಯನ್ನು ಉಳಿಸಿಕೊಳ್ಳಲು ನಾನು ವಿಜಯವಾಡದಲ್ಲಿ ಕಬ್ಬಿಣ ಕೊಯ್ಯುವ ಗ್ರೈಂಡರ್ ಎದುರು ನಿಂತಿದ್ದೆ.

ಮೊದಲಿನಿಂದ ಹೇಳುತ್ತೇನೆ. ನಾವು ಧಾರವಾಡದವರು. ಅಪ್ಪನ ಬ್ಯಾಂಕಿನವರು ವರ್ಗ ಮಾಡಿ ಮಾಡಿ ನಮ್ಮನ್ನು ವಿಶಾಖಪಟ್ಟಣಕ್ಕೆ ತಂದು ಬಿಟ್ಟಿದ್ದಾರೆ. ನಾನು ಕಾಲೇಜು ಟೀಮಿನ ಲೆಗ್ ಸ್ಪಿನ್ನರ್. ನನ್ನ ಚೆಂಡು ಎಷ್ಟು ತಿರುಗುತ್ತದೆ ಎಂದರೆ, ಅದು ಎಲ್ಲಿ ಹೋಯಿತೆಂದು ಬ್ಯಾಟು ಹಿಡಿದವಳು ವಿಕೆಟ್ ಕೀಪರನ್ನು ಕೇಳುತ್ತಾಳೆ, ಕೀಪರ್ ಅಂಪೈರನ್ನು ಕೇಳುತ್ತಾಳೆ. ಇಂಥ ಕೈಯನ್ನೇ ಊರಿಕೊಂಡು ನಾನು ಋಷಿಕೊಂಡ ಬೀಚಿನ ಮೆಟ್ಟಿಲ ಮೇಲೆ ಬಿದ್ದೆ. ಒಂದು ಕೈಯಲ್ಲಿ ಐಸ್‌ಕ್ರೀಮ್ ಹಿಡಿದು, ಹಿಂದಕ್ಕೆ ಓಡುತ್ತಾ, ಇನ್ನೊಂದು ಕೈಯಲ್ಲಿ ಕ್ಯಾಚ್ ಹಿಡಿಯಬಹುದು ಎಂದು ಗೆಳತಿಯರಿಗೆ ತೋರಿಸುತ್ತಿದ್ದೆ. ಕ್ಯಾಚ್ ಹಿಡಿದೆ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ದ್ವಾರಕಾ ನಗರದ ಮೂಳೆ ಡಾಕ್ಟರು ನನಗೆ ಹೆಬ್ಬೆರಳು ಎತ್ತಲು ಹೇಳಿದರು. ಎತ್ತಿದಾಗ ಅದರ ಬುಡದಲ್ಲಿ ಚಿಕ್ಕ ಗುಳಿ ಬೀಳುತ್ತದೆ. ನಿಮ್ಮ ಕೈಯಲ್ಲೂ ಇದೆ, ನೋಡಿಕೊಳ್ಳಿ. ಹಿಂದಿನವರು ಅದರಲ್ಲಿ ನಶ್ಯ ಇಟ್ಟು ಏರಿಸುತ್ತಿದ್ದರಂತೆ. ಅದಕ್ಕೇ ವೈದ್ಯರ ದಪ್ಪ ಪುಸ್ತಕಗಳಲ್ಲೂ ಅದರ ಹೆಸರು ಅನಾಟಮಿಕಲ್ ಸ್ನಫ್‌ಬಾಕ್ಸ್, ಅಂದರೆ ನಶ್ಯದ ಡಬ್ಬಿ. ಡಾಕ್ಟರು ಅಲ್ಲಿ ಬೆರಳಿಟ್ಟು ಒತ್ತಿದರು. ನಾನು ಹಾಕಿದ ಕೂಗಿಗೆ ಬಂದರಿನ ಹಡಗುಗಳು ಲಂಗರು ಎತ್ತಿದವು.

ಮುರಿದಿದ್ದು ಸ್ಕ್ಯಾಫಾಯ್ಡ್ ಎಂದರು. ದೋಣಿಯಾಕಾರದ ಪುಟ್ಟ ಮೂಳೆ. ಅದಕ್ಕೆ ರಕ್ತ ಹೆಚ್ಚಾಗಿ ಒಂದೇ ತುದಿಯಿಂದ ಬರುತ್ತದೆ, ನಡುವೆ ಮುರಿದರೆ ಇನ್ನೊಂದು ತುದಿಗೆ ಉಪವಾಸ. ಕೈ ಅಲುಗಾಡಿಸಿದ್ದರಿಂದ ಅದು ಕೂಡದೇ ಹೋದರೆ ನಾನ್‌ಯೂನಿಯನ್. ರಕ್ತವಿಲ್ಲದೆ ಆ ತುಂಡು ಸತ್ತರೆ ಅವಾಸ್ಕ್ಯುಲರ್ ನೆಕ್ರೋಸಿಸ್. ಈ ಹೆಸರುಗಳನ್ನೆಲ್ಲ ನಾನು ಮನೆಗೆ ಬರುವ ದಾರಿಯಲ್ಲೇ ಬಾಯಿಪಾಠ ಮಾಡಿದೆ. ಡಾಕ್ಟರ ಕೊನೆಯ ಮಾತನ್ನು ಬಾಯಿಪಾಠ ಮಾಡಬೇಕಾಗಲಿಲ್ಲ: ಪ್ಲಾಸ್ಟರು ತಾವೇ ತೆಗೆಯುವವರೆಗೆ ಇರಬೇಕು, ಇಲ್ಲದಿದ್ದರೆ ಸ್ಪಿನ್ ಮರೆತುಬಿಡಬೇಕು.

ಹೆಬ್ಬೆರಳನ್ನೂ ಸೇರಿಸಿ ಹಾಕಿದ ಪ್ಲಾಸ್ಟರದು. ಬೆರಳು ಸದಾ ಮೇಲೆ. ಅಮ್ಮ ಬಯ್ದರೂ ಅದು ಭೇಷ್ ಎನ್ನುತ್ತಿತ್ತು. ನಾನು ಸುಮ್ಮನೆ ನಡೆದು ಹೋದರೂ ಆಟೋಗಳು ಸಾಲಾಗಿ ನಿಲ್ಲುತ್ತಿದ್ದವು.

ದಸರಾ ರಜೆಗೆ ನನ್ನನ್ನು ವಿಜಯವಾಡದ ಅತ್ತೆಯ ಮನೆಗೆ ಕಳಿಸಿದರು. ಅತ್ತೆ ಅಪ್ಪನ ತಂಗಿ. ಮಾಮಾ ತೆಲುಗಿನವರು, ಆಟೋನಗರದಲ್ಲಿ ಅವರ ಲಾರಿ ರಿಪೇರಿ ಶೆಡ್ಡು ಇದೆ. ನಾನು ಚಪ್ಪಲಿ ಬಿಡುವ ಮೊದಲೇ ಅತ್ತೆ ನನ್ನ ಪ್ಲಾಸ್ಟರನ್ನು ಬಾಗಿಲು ಬಡಿದ ಹಾಗೆ ಬಡಿದು ನೋಡಿದಳು.

"ಗ್ವಾಡಿಗೆ ಹಚ್ಚೋದು ಕೈಗೆ ಹಚ್ಯಾರ! ನಿಮ್ಮಪ್ಪನ ಮೊಣಕೈ ನೋಡಿಲ್ಲೇನು? ಪ್ಲಾಸ್ಟರ್ ಹಾಕೇ ಸೊಟ್ಟ ಆಗಿದ್ದು ಅದು. ನಾ ಕಣ್ಣಾರೆ ನೋಡೀನಿ. ನಾಟಿ ಕಟ್ಟು ಕಟ್ಟಸೋಣು."

"ಆಗಂಗಿಲ್ಲ ಅತ್ತಿ."

"ನಿನ್ನ ಯಾರ್ ಕೇಳ್ಯಾರ?"

ಅಪ್ಪನ ಎಡ ಮೊಣಕೈ ಬಂದೂಕಿನ ಹಿಡಿಯ ಹಾಗೆ ಬಾಗಿದೆ ಎನ್ನುವುದು ನಿಜ. "ಅದಕ್ಕ ಕ್ಯುಬಿಟಸ್ ವೇರಸ್ ಅಂತಾರ," ಎಂದೆ.

"ಏನರ ಅನ್ಲಿ. ಸೊಟ್ಟ ಅಂದ್ರ ಸೊಟ್ಟ."

ಸೋಲುವವಳು ನಾನಲ್ಲ. ಅತ್ತೆಯ ಬಲ ಭುಜ ಕೆಲವು ತಿಂಗಳಿಂದ ಮೇಲೇಳುತ್ತಿರಲಿಲ್ಲ. "ನಿಂದು ಅಡ್ಹೆಸಿವ್ ಕ್ಯಾಪ್ಸುಲೈಟಿಸ್. ಮೊದಲ ನೀ ಕಟ್ಟಿಸ್ಕೋ."

"ನಂದು ವಾಯು! ವಾಯುಕ್ಕ ಯಾರರ ಕಟ್ಟು ಕಟ್ತಾರೇನು?"

ಇಷ್ಟು ಜಗಳ ಆಡುತ್ತಲೇ ಅವಳ ಎಡಗೈ, ನನ್ನ ಎಡಗೈ ಒಂದೇ ಲಟ್ಟಣಿಗೆ ಹಿಡಿದು ಪೂರಿ ಲಟ್ಟಿಸುತ್ತಿದ್ದವು. ಒಂದೊಂದು ಪೂರಿ ಒಂದೊಂದು ದೇಶದ ನಕಾಶೆ. ಅವಳ ಜಡೆಯನ್ನೂ ಹಾಗೇ ಇಬ್ಬರೂ ಸೇರಿ ಹೆಣೆದೆವು. ಅದನ್ನು ಜಡೆ ಎಂದು ಗುರುತಿಸಿದವಳು ಅತ್ತೆ ಒಬ್ಬಳೇ.

ಆಮೇಲೆ ಅವಳು ಕಟ್ಟು ಕಟ್ಟುವವರಿಗೆ ಫೋನ್ ಮಾಡಿದಳು. ಅಲ್ಲಿ ಒಂದು ತೊಡಕು ಬಂತು. ಕಟ್ಟಿನ ಪಟ್ಟಿಗೆ ಮೊಟ್ಟೆಯ ಬಿಳಿ ಸವರಬೇಕು. ನಮ್ಮ ಅತ್ತೆಯ ಮನೆಯಲ್ಲಿ ಈರುಳ್ಳಿಯೇ ಏಕಾದಶಿಯ ದಿನ ತಲೆ ತಗ್ಗಿಸಿ ಕೂರುತ್ತದೆ. ಮೊಟ್ಟೆಯ ಬದಲು ಉದ್ದಿನ ಹಿಟ್ಟು ಆದೀತೇ ಎಂದು ಅತ್ತೆ ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದಳು. ಉದ್ದಿನ ಹಿಟ್ಟಿನಲ್ಲಿ ವಡೆ ಆಗುತ್ತದಮ್ಮ, ಕಟ್ಟು ಆಗುವುದಿಲ್ಲ ಎಂದು ಅವರೂ ಅಷ್ಟೇ ಮರ್ಯಾದೆಯಿಂದ ಹೇಳಿದರು.

ಕೊನೆಗೆ ಒಪ್ಪಂದವಾಯಿತು. ಅವರು ಮೊಟ್ಟೆ ಸಮೇತ ಬಾಲ್ಕನಿಯಲ್ಲಿ ಕೂರುವುದು. ನಾನು ಕೋಣೆಯೊಳಗೆ ಕೂತು, ಕೈ ಮಾತ್ರ ಕಿಟಕಿಯ ಸರಳಿನಿಂದ ಹೊರಗೆ ಚಾಚುವುದು. ಮೊಣಕೈವರೆಗೆ ಮಾಂಸಾಹಾರಿ, ಅಲ್ಲಿಂದ ಮೇಲೆ ಮಡಿ.

"ಆಮ್ಯಾಲೆ ಆ ಕೈ ಒಳಗ ಹೆಂಗ ಬರ್ತದ ಅತ್ತಿ?"

"ಅರಿಶಿಣದ ನೀರು ಚಿಮುಕಸ್ತೀನಿ. ನಿನಗ್ಯಾಕ ಅದು?"

ಕಟ್ಟುವವರು ಇನ್ನೊಂದು ಮಾತನ್ನೂ ಹೇಳಿದ್ದರು. ಆಸ್ಪತ್ರೆಯ ಪ್ಲಾಸ್ಟರನ್ನು ಅವರು ಮುಟ್ಟುವುದಿಲ್ಲ. ಭಾನುವಾರ ಅವರು ಬರುವಷ್ಟರಲ್ಲಿ ಅದನ್ನು ತೆಗೆದಿರಬೇಕು. ಪೇಪರ್ ಓದುತ್ತಿದ್ದ ಮಾಮಾ ತಮಾಷೆಗೆಂದು ತಮ್ಮ ಕನ್ನಡದಲ್ಲಿ ಹೇಳಿದರು, "ಲಾರಿ ಚಾಸಿನೇ ಕೊಯ್ತೀನಿ, ಇದು ಎಷ್ಟಮ್ಮಾ? ಶೆಡ್ ಗ್ರೈಂಡರ್ ತರ್ತೀನಿ."

"ತರ್ರಿ ಹಂಗಾದ್ರ," ಎಂದಳು ಅತ್ತೆ. ಅವಳು ತಮಾಷೆ ಮಾಡುತ್ತಿರಲಿಲ್ಲ. ಮಾಮಾ ಪೇಪರ್ ಕೆಳಗಿಟ್ಟರು.

ಶನಿವಾರ ಸಂಜೆ ನಾನು ಎಡಗೈಯಲ್ಲಿ ಅಪ್ಪನಿಗೆ ಮೆಸೇಜ್ ಕಳಿಸಿದೆ: 'ಅತ್ತಿ ಪ್ಲಾಸ್ಟರ್ ತೆಗಸ್ತಾಳ. ನಾಳೆ. ಗ್ರೈಂಡರ್‌ಲೇ.' ಉತ್ತರ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಕಿಟಕಿಯ ಪಕ್ಕ ಅರಿಶಿಣದ ನೀರಿನ ತಂಬಿಗೆ ಬಂತು. ನಡುಮನೆಯಲ್ಲಿ ಗ್ರೈಂಡರ್ ಬಂತು. ಮಾಮಾ ಬೆವರು ಒರೆಸಿಕೊಂಡು ಪರೀಕ್ಷೆಗೆ ಒಮ್ಮೆ ಒತ್ತಿದರು. ಅಡುಗೆಮನೆಯ ಪಾತ್ರೆಗಳು ಒಂದನ್ನೊಂದು ತಬ್ಬಿಕೊಂಡವು. ಹೊರಗೆ ಓಡಲೆಂದು ಚಪ್ಪಲಿ ಮೆಟ್ಟಿದ್ದ ನಾನು ಒಂದೇ ನೆಗೆತಕ್ಕೆ ದಿವಾನದ ಮೇಲೆ ಹತ್ತಿ, ಗೋಡೆಗೆ ಬೆನ್ನು ಕೊಟ್ಟು, ಪ್ಲಾಸ್ಟರ್ ಕೈಯನ್ನು ಎತ್ತರಕ್ಕೆ ಹಿಡಿದೆ.

"ಹತ್ತರ ಬಂದ್ರ ಕಚ್ತೀನಿ! ಇಬ್ಬರಿಗೂ!"

"ಇಳಿ ಕೆಳಗ!" ಎಂದಳು ಅತ್ತೆ.

"ಇಳಿಯಂಗಿಲ್ಲ!"

ಬಾಯಿಪಾಠ ಮಾಡಿದ ಹೆಸರುಗಳಲ್ಲಿ ಒಂದೂ ಆಗ ನಾಲಿಗೆಗೆ ಬರಲಿಲ್ಲ. ಬಂದದ್ದು ಇಷ್ಟೇ: "ಈ ಕೈಲೆ ನಾ ಬಾಲ್ ಹಾಕಬೇಕು ಅತ್ತಿ. ಮಾಮಾಗ ಲಾರಿ ಬರ್ತದ, ನಿನಗ ಎಲ್ಲಾ ಬರ್ತದ. ನನಗ ಬರೋದು ಇದೊಂದ."

ಅತ್ತೆಯ ಧ್ವನಿ ಇಳಿಯಿತು. "ನಿನ್ನ ಕೈ ನಮ್ಮಣ್ಣನ ಕೈಹಂಗ ಆಗಬಾರ್ದು ಅಂತ ಅಲ್ಲೇನ ನಾ ಒದ್ದಾಡೋದು?"

ಆಗ ಬಾಗಿಲು ತೆರೆದು ಅಪ್ಪ ಒಳಗೆ ಬಂದರು. ಹೆಗಲಲ್ಲಿ ಚೀಲ, ರೈಲಿನಲ್ಲಿ ಮುದುಡಿದ ಅಂಗಿ. ಗ್ರೈಂಡರ್ ನೋಡಿದರು, ತಂಬಿಗೆ ನೋಡಿದರು, ದಿವಾನದ ಮೇಲೆ ನನ್ನನ್ನು ನೋಡಿದರು.

"ಅಣ್ಣಾ, ನೀನ ಹೇಳು ಇಕಿಗೆ," ಎಂದಳು ಅತ್ತೆ. "ಪ್ಲಾಸ್ಟರ್‌ಲೇ ಅಲ್ಲೇನು ನಿನ್ನ ಕೈ ಸೊಟ್ಟ ಆಗಿದ್ದು?"

ಅಪ್ಪ ತೋಳು ಮಡಚಿ ಮೊಣಕೈಯನ್ನು ಅವಳ ಮುಂದೆ ಹಿಡಿದರು. "ಮೊದಲ ಬಿದಿರಿನ ಪಟ್ಟಿ ಇಟ್ಟು ಕಟ್ಟು ಕಟ್ಟಿದ್ರು. ಸೊಟ್ಟ ಕೂಡ್ತು. ನೀ ಆಗ ಅಂಬೆಗಾಲು ಇಡ್ತಿದ್ದಿ. ಅದನ್ನ ನೆಟ್ಟಗ ಮಾಡ್ಲಿಕ್ಕೆ ಎಷ್ಟೋ ವರ್ಷ ಆದ ಮ್ಯಾಲೆ ಪ್ಲಾಸ್ಟರ್ ಹಾಕಿದ್ರು. ನೀ ನೋಡಿದ್ದು ಅದನ್ನ. ಅಷ್ಟೊತ್ತಿಗೆ ಕೈ ಮಾತು ಕೇಳೋ ಹಂಗ ಉಳಿದಿರ್ಲಿಲ್ಲ."

ಅತ್ತೆ ಅವರ ಮೊಣಕೈಯನ್ನೇ ನೋಡುತ್ತ ನಿಂತಳು.

"ಎರಡೂ ಸಲ ನನ್ನ ಯಾರೂ ಕೇಳ್ಲಿಲ್ಲ," ಎಂದ ಅಪ್ಪ ನನ್ನ ಕಡೆ ತಿರುಗಿದರು. "ಕೈ ಯಾರದು?"

"ನಂದು."

"ಪ್ಲಾಸ್ಟರ್?"

"ಇರ್ತದ."

ಅಪ್ಪ ಗ್ರೈಂಡರಿನ ವೈರು ಕಿತ್ತು, ಸುತ್ತಿ, ಮಾಮಾನ ಕೈಗೆ ಕೊಟ್ಟರು. ಮಾಮಾ ಅದನ್ನು ಎತ್ತಿಕೊಂಡು ಹೊರಗೆ ಹೋದ ವೇಗಕ್ಕೆ ಬಾಗಿಲ ಪರದೆ ಹಾರಿತು.

ಗೆದ್ದೆನೆಂದು ನಾನು ಭಾಷಣಕ್ಕೆ ಬಾಯಿ ತೆರೆದೆ. ಸ್ಕ್ಯಾಫಾಯ್ಡ್‌ನಿಂದಲೇ ಶುರು ಮಾಡುವವಳಿದ್ದೆ.

"ಸಾಕು," ಎಂದರು ಅಪ್ಪ. "ಕೆಳಗಿಳಿ. ಅತ್ತಿ ಒಗದ ಚಾದರದ ಮ್ಯಾಲೆ ಚಪ್ಪಲ್ ಹಾಕ್ಕೊಂಡು ನಿಂತೀದಿ."