ನಾನೂರ ಹನ್ನೆರಡು ಜನರ ಬೇಜಾರು

ನನ್ನ ಅಕ್ಕ ಮನಶ್ಶಾಸ್ತ್ರದ ಮೇಡಂ. ಹಾಗೆಂದ ಕೂಡಲೇ ಜನ "ಹುಚ್ಚರ ಡಾಕ್ಟರಾ?" ಅನ್ನುತ್ತಾರೆ, ಇಲ್ಲವೇ "ನನ್ನ ಮನಸ್ಸಲ್ಲೇನಿದೆ ಹೇಳಲಿ ನೋಡೋಣ" ಅನ್ನುತ್ತಾರೆ. ಎರಡೂ ಅಲ್ಲ ಸ್ವಾಮೀ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅವಳು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾಳೆ. ಮಿಕ್ಕ ಹೊತ್ತಿನಲ್ಲಿ, ಕೆಲಸದಿಂದ ನಿವೃತ್ತರಾದವರ ಮನಸ್ಸು ಏನಾಗುತ್ತದೆ ಎಂದು ಹುಡುಕುತ್ತಾಳೆ. ನಾನು ಟೈಲರ್. ಬಾಯಿ ಸ್ವಲ್ಪ ಜೋರು, ಅದನ್ನು ನಾನೇ ಒಪ್ಪುತ್ತೇನೆ.

ಈ ಹುಚ್ಚು ಅವಳಿಗೆ ಹತ್ತಿದ್ದು ಅಪ್ಪನಿಂದ. ಅಪ್ಪ ಮನೆಮನೆಗೆ ಹೋಗಿ ಕರೆಂಟು ಮೀಟರ್ ಓದುತ್ತಿದ್ದವರು. ನಿವೃತ್ತರಾದ ಮೇಲೆ ಮೂರು ತಿಂಗಳು, ದಿನಾ ಬೆಳಿಗ್ಗೆ ನಮ್ಮ ಮನೆಯ ಮೀಟರನ್ನೇ ಓದಿ ಬರೆದುಕೊಳ್ಳುತ್ತಿದ್ದರು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅಕ್ಕ ಅದರ ಮೇಲೆ ಪಿಎಚ್.ಡಿ. ಮಾಡಿದಳು.

ಆಮೇಲೆ ಹದಿನಾಲ್ಕು ವರ್ಷ, ನಾನೂರ ಹನ್ನೆರಡು ಜನರ ಮನೆ ಬಾಗಿಲಿಗೆ ಹೋಗಿ ಇಪ್ಪತ್ತು ಪ್ರಶ್ನೆಗಳ ಹಾಳೆ ತುಂಬಿಸಿಕೊಂಡು ಬಂದಳು. ಪ್ರಶ್ನೆಗಳು ಹೊರದೇಶದವು, ಕನ್ನಡಕ್ಕೆ ತಂದವಳು ಅವಳೇ. 'ವಿಷಾದ' ಅಂದರೆ ಯಾರಿಗೂ ತಿಳಿಯುವುದಿಲ್ಲ, 'ದುಃಖ' ಅಂದರೆ ಯಾರೋ ಸತ್ತಾಗ ಮಾತ್ರ ಅಂದುಕೊಳ್ಳುತ್ತಾರೆ ಎಂದು, ಒಂಬತ್ತು ಪ್ರಶ್ನೆಗಳಲ್ಲಿ 'ಬೇಜಾರು' ಎಂದು ಬರೆದಳು. ಆಡುಮಾತಿನ ಪದ ಸಿಕ್ಕಿತೆಂದು ಅವಳಿಗೆ ಒಳಗೊಳಗೇ ಹೆಮ್ಮೆ. ನಿವೃತ್ತ ಗಂಡಸರು ದುಃಖದಲ್ಲಿ ಕುಗ್ಗಿಹೋಗುತ್ತಾರೆ, ಹೆಂಗಸರು ನೆಮ್ಮದಿಯಾಗಿರುತ್ತಾರೆ ಎಂಬುದು ಅವಳ ಶೋಧ. ಅದು ಅವಳಿಗೆ ಹೆಸರು ತಂದಿತು. ಆ ವರ್ಷ ಪ್ರೊಫೆಸರ್ ಹುದ್ದೆಗೂ ಅವಳದೇ ಹೆಸರು ಮುಂದಿತ್ತು, ಸಂದರ್ಶನಕ್ಕೆ ಎರಡೇ ತಿಂಗಳು.

ಆಗಲೇ ನಾನು ಕೈ ಹಾಕಿದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ. ಅವಳು ನನ್ನ ಅಂಗಡಿಯಲ್ಲಿ ಆ ಪ್ರಶ್ನೆಗಳ ಖಾಲಿ ಹಾಳೆಗಳ ಕಟ್ಟು ಇಟ್ಟು ಹೋಗಿದ್ದಳು. ಕರೆಂಟು ಇರಲಿಲ್ಲ, ಮಾಡಲು ಕೆಲಸವಿರಲಿಲ್ಲ, ತಮಾಷೆಗೆ ಒಂದು ತುಂಬಿಸಿಟ್ಟೆ. ಸಂಜೆ ಅದನ್ನು ಓದಿದವಳ ಮುಖ ಬಿಳಿಚಿಕೊಂಡಿತು.

"ನಿಂಗೆ ಯಾವಾಗಲೂ ಬೇಜಾರಾ? ನಂಗೊಂದು ಮಾತು ಹೇಳ್ಲಿಲ್ವಲ್ಲೇ!"

"ಅಯ್ಯೋ, ದಿನಾ ಕೂತು ಕಾಜಾ ಹೊಲಿದು ನೋಡು, ಗೊತ್ತಾಗುತ್ತೆ. ಸಾಕಪ್ಪಾ ಸಾಕು ಅನ್ಸುತ್ತೆ."

"ಅಂದ್ರೆ... ದುಃಖ ಅಲ್ವಾ?"

"ದುಃಖ ಯಾಕೆ? ಬೇಜಾರು ಕಣೇ, ಬೇಜಾರು!"

ಅಕ್ಕ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ನನ್ನ ಬಾಯಿ.

ಮರುದಿನದಿಂದ ಅವಳು ಹಳೆಯ ವಿಳಾಸಗಳನ್ನು ಹಿಡಿದು ಅದೇ ಜನರ ಮನೆಗೆ ಮತ್ತೆ ಹೊರಟಳು. ಮಾಡಿದ ತಪ್ಪಿಗೆ ನಾನೂ ಚೀಲ ಹೊತ್ತು ಹಿಂದೆ ಹೋದೆ. ಅಂದು ನೀವು ಬೇಜಾರು ಅಂದಿದ್ದು ಯಾವುದಕ್ಕೆ ಎಂದು ಸಿಕ್ಕ ಒಬ್ಬೊಬ್ಬರನ್ನೂ ಕೇಳಿದಳು. ಗಂಡಸರಲ್ಲಿ ಮುಕ್ಕಾಲು ಪಾಲು ಜನ, ಹೊತ್ತು ಹೋಗುವುದಿಲ್ಲ ಅಂದರು. ಒಬ್ಬರಿಗೆ ಅಳಿಯನ ಮೇಲೆ ಸಿಟ್ಟು, ಅಷ್ಟೇ.

ಒಂದು ದಿನ ಮೂರನೇ ಮಹಡಿಯ ಒಂದು ಮನೆಗೆ ಹೋದೆವು. ಆಕೆ ಹಿಂದೆ ಟೆಲಿಫೋನ್ ಆಪರೇಟರ್ ಆಗಿದ್ದವರು. ಒಂಬತ್ತು ಪ್ರಶ್ನೆಗಳಿಗೂ 'ಎಂದೂ ಇಲ್ಲ' ಎಂದು ಗುರುತು ಹಾಕಿದ್ದರು. ಒಳಕೋಣೆಯಲ್ಲಿ ಗಂಡ ಮಲಗಿದಲ್ಲೇ ಇದ್ದರು, ಏಳು ವರ್ಷದಿಂದ.

"ಬೇಜಾರಾಗೋಕೆ ಪುರುಸೊತ್ತೆಲ್ಲಿದೆಯಮ್ಮಾ?" ಅಂದರು ಆಕೆ. "ಇವರನ್ನ ಮಗ್ಗುಲು ತಿರುಗಿಸಬೇಕು, ಒರೆಸಬೇಕು, ಬಟ್ಟೆ ಒಗೀಬೇಕು. ಒಗೀತಾ ಒಗೀತಾ ಅಳ್ತೀನಿ, ಅಷ್ಟೇ."

"ದಿನಾನಾ?"

"ದಿನಾ."

ನಾನಾಗಿದ್ದರೆ ಹತ್ತು ಸಮಾಧಾನ ಹೇಳಿ ಎದ್ದುಬಿಡುತ್ತಿದ್ದೆ. ಅಕ್ಕ ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತಳು. ಆಕೆ ಮಾತಾಡತೊಡಗಿದರು. ಒಂದು ಗಂಟೆ, ಒಂದೂವರೆ ಗಂಟೆ. ಯಾರಿಗೂ ಹೇಳದ್ದನ್ನೆಲ್ಲ ಹೇಳಿದರು. ಒಬ್ಬ ಮನುಷ್ಯ ಇನ್ನೊಬ್ಬರ ಮಾತನ್ನು ಹಾಗೂ ಕೇಳಿಸಿಕೊಳ್ಳಬಹುದು ಎಂದು ನನಗೆ ಅಂದೇ ಗೊತ್ತಾದದ್ದು. ಜೊತೆಯಲ್ಲಿ ಹುಟ್ಟಿ ಬೆಳೆದ ಅಕ್ಕನೇ ಇವಳು ಎಂದು ಬೆರಗಾಗಿ ನೋಡಿದೆ.

ಮೆಟ್ಟಿಲಿಳಿಯುವಾಗ ಅವಳು ಅಂದಳು, "ನನ್ನ ಪಟ್ಟೀಲಿ ಎಲ್ಲರಿಗಿಂತ ಸುಖಿ ಇವರೇ ಕಣೇ. ಹಾಗಂತ ಅಚ್ಚು ಹಾಕಿಸಿದೀನಿ."

ಸಂದರ್ಶನಕ್ಕೆ ವಾರ ಇರುವಾಗ ಅಕ್ಕ ತನ್ನ ಶೋಧ ಅಚ್ಚು ಹಾಕಿದ್ದ ಪತ್ರಿಕೆಗೆ ಪತ್ರ ಬರೆದಳು: ನನ್ನ ಶೋಧ ತಪ್ಪು, ಹಿಂದಕ್ಕೆ ಪಡೆಯುತ್ತೇನೆ. ವಿಭಾಗದ ಮುಖ್ಯಸ್ಥರು ಮನೆಗೇ ಬಂದರು. "ಹದಿನೈದು ದಿನ ತಡೆದು ಕಳಿಸಿ ಮೇಡಂ. ಆರ್ಡರ್ ಕೈಗೆ ಬರಲಿ. ಯಾರಿಗೇನು ನಷ್ಟ?" ನಾನೂ ದನಿಗೂಡಿಸಿದೆ, "ಹೌದು ಕಣೇ, ನಿಂಗೇನು ತಲೆ ಕೆಟ್ಟಿದೆಯಾ?" ಅವಳು ಇಬ್ಬರಿಗೂ ಟೀ ಕೊಟ್ಟಳು. ಮರುದಿನ ಬೆಳಿಗ್ಗೆ ಪತ್ರ ಅಂಚೆಗೆ ಹೋಯಿತು.

ಸಂದರ್ಶನದಲ್ಲಿ ಯಾರೂ ಕೇಳುವ ಮೊದಲೇ ಅದನ್ನು ಅವಳೇ ಹೇಳಿದಳಂತೆ. ಹುದ್ದೆ ಬೇರೆಯವರಿಗಾಯಿತು. ಫಲಿತಾಂಶ ನೋಡಿ ಬಸ್ಸು ಹತ್ತಿದಾಗ ನನ್ನ ಪಿತ್ತ ನೆತ್ತಿಗೇರಿತ್ತು.

"ನಿಂಗೇನಮ್ಮ, ಆಸೆ ಆಕಾಂಕ್ಷೆ ಒಂದೂ ಇಲ್ಲ. ಋಷಿ ನೀನು! ಹೊಟ್ಟೆ ಉರಿಯೋದು ನಮಗೆ."

ಅಕ್ಕ ಕಿಟಕಿಯ ಕಡೆಗೆ ಮುಖ ಮಾಡಿದ್ದಳು. "ಆಸೆ ಇತ್ತು ಕಣೇ," ಅಂದಳು. "ತುಂಬಾ ಇತ್ತು. ಪತ್ರ ಬರೆದ ಮೇಲೂ, ಹೇಗಾದ್ರೂ ಕೊಟ್ಟುಬಿಡ್ತಾರೇನೋ ಅಂತ ಹೊಸ ಸೀರೆ ತಗೊಂಡಿದ್ದೆ." ಅಷ್ಟು ಹೇಳಿ, ತುಂಬಿದ ಬಸ್ಸಿನಲ್ಲಿ, ಸೆರಗು ಬಾಯಿಗೊತ್ತಿ ಅತ್ತಳು. ಅಷ್ಟು ಆಸೆಯನ್ನು ಒಳಗಿಟ್ಟುಕೊಂಡೇ ಆ ಪತ್ರ ಬರೆದಿದ್ದಳಲ್ಲ ಎಂದು ನನ್ನ ಮೈ ಜುಮ್ಮೆಂದಿತು. ಅವಳ ಕೈ ಹಿಡಿದುಕೊಂಡು ಕುಳಿತೆ. ನಮ್ಮ ಸ್ಟಾಪು ದಾಟಿಹೋಗಿದ್ದು ಇಬ್ಬರಿಗೂ ತಿಳಿಯಲಿಲ್ಲ.