ಪ್ರೂಯಿಟ್ ಸಾಹೇಬರ ಶುಕ್ರಗ್ರಹ

ನೆವಾಡದ ಹಳ್ಳಿಗಳಲ್ಲಿ ಯಾರಿಗೆ ಹಾರುವ ತಟ್ಟೆ ಕಂಡರೂ ವಿಚಾರಣೆಗೆ ವಾಯುಪಡೆ ಕಳಿಸುವುದು ಕ್ಯಾಪ್ಟನ್ ಪ್ರೂಯಿಟ್ ಸಾಹೇಬರನ್ನೇ. ಅವರು ಅಡುಗೆಮನೆಯಲ್ಲಿ ಕೂತು, ಕೊಟ್ಟ ಸೇಬಿನ ಪೈ ಮುಗಿಸಿ, ಆಮೇಲೆ ಜೇಬಿನಿಂದ ಒಂದು ಬಟಾಣಿ, ಒಂದು ಕೋಟಿನ ಗುಂಡಿ ತೆಗೆಯುತ್ತಾರೆ. "ಇವನ್ನ ಕೈ ಚಾಚಿ ಹಿಡೀರಮ್ಮ. ನೀವು ಕಂಡಿದ್ದು ಇದರಷ್ಟಿತ್ತೋ, ಅದರಷ್ಟೋ?" ಬಟಾಣಿಯಷ್ಟು ಅಂದರೆ ಶುಕ್ರಗ್ರಹ, ಗುಂಡಿಯಷ್ಟು ಅಂದರೆ ಹವಾಮಾನದ ಬಲೂನು, ಮೂರನೆಯ ಉತ್ತರ ಸರ್ಕಾರದ ಬಳಿ ಇಲ್ಲ. ಮೊನ್ನೆ ಮುದುಕಿ ಆಲ್ಮಾ, "ಕೊಟ್ಟಿಗೆಗಿಂತ ದೊಡ್ಡದಿತ್ತು ಕಣಪ್ಪ! ನಿನ್ನ ಶುಕ್ರ ಬಂದು ನಮ್ ದನ ಬೆದರಿಸ್ತಾನಾ?" ಅಂತ ರೇಗಿದಾಗಲೂ, "ಈ ತಿಂಗಳು ಅವನದು ಸ್ವಲ್ಪ ಜೋರಮ್ಮ" ಅಂದರು. ಆದರೆ ಇಷ್ಟು ವರ್ಷ ಆಕಾಶ ನೋಡಿದರೂ ತಮಗೊಮ್ಮೆಯೂ ಏನೂ ಕಾಣಲಿಲ್ಲವೆಂಬ ಕೊರಗನ್ನು ಅವರು ಯಾರಿಗೆ ಹೇಳಿಯಾರು? ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: "ಅದು ಯಾವ ಕಡೆ ಹೋಯ್ತಮ್ಮ?" ಆಲ್ಮಾ ಬೆಟ್ಟದತ್ತ ಕೈ ತೋರಿಸಿದಳು. ಕಚೇರಿ ಇದ್ದದ್ದು ಎದುರು ದಿಕ್ಕಿಗೆ. ಸಾಹೇಬರ ಜೀಪು ಬೆಟ್ಟದ ಕಡೆಗೇ ಹೊರಟಿತು.