ಕೊಕ್ಕೆ ಮೇಸ್ತ್ರಿಯ ಷಡ್ಡಕ

ಕೇಬಲ್ ಕಿತ್ತುಹೋಗಿ, ಬಾಯಿ ಬಿಗಿದುಕೊಂಡು ಕೂತ ಬಾನೆಟ್ ತೆಗೆಯುವುದರಲ್ಲಿ ಕೊಕ್ಕೆ ಮೇಸ್ತ್ರಿಯನ್ನು ಮೀರಿಸುವವರು ಆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಎಂಜಿನ್ ಕೆಲಸದಲ್ಲಿ ಅವನು ಸಾಧಾರಣ, ಬ್ರೇಕಿನಲ್ಲಿ ಪರವಾಗಿಲ್ಲ, ಬಣ್ಣದ ಕೆಲಸಕ್ಕೆ ಕೈ ಹಾಕದಿದ್ದರೇ ಎಲ್ಲರಿಗೂ ಒಳ್ಳೆಯದು. ಇದು ಅವನಿಗೂ ಗೊತ್ತಿತ್ತು. ಆದರೆ ಸ್ಟೀರಿಂಗ್ ಕೆಳಗಿನ ಹಿಡಿ ಎಳೆದಾಗ ಮುಂದೆ ಟಕ್ ಎನ್ನದೆ, ಹಿಡಿಯೇ ಸಡಿಲವಾಗಿ ಕೈಗೆ ಬಂತೆಂದರೆ, ಬೇರೆ ಗ್ಯಾರೇಜಿನವರೂ ಕಾರನ್ನು ತಂದು ಅವನ ಶೆಡ್ಡಿನ ಮುಂದೆ ನಿಲ್ಲಿಸುತ್ತಿದ್ದರು. ಆಗ ಅವನ ನಡಿಗೆಯೇ ಬದಲಾಗುತ್ತಿತ್ತು.

ಅವನದೇ ಒಂದು ಕ್ರಮವಿತ್ತು. ಮೊದಲು ಗೋಡೆಯ ಮೊಳೆಯಿಂದ ಹಳೆಯ ಬೆಡ್‌ಶೀಟು ಇಳಿಸಿ ಕಾರಿನ ಮೂತಿಗೆ ಮರೆ ಕಟ್ಟುವನು. ಆಮೇಲೆ ತಾನು ಒಳಗೆ ತೂರಿಕೊಳ್ಳುವನು. ಹರಿದ ಕೊಡೆಯಿಂದ ಕಿತ್ತ ಕಡ್ಡಿಯ ತುದಿ ಬಗ್ಗಿಸಿ ಮಾಡಿದ ಕೊಕ್ಕೆ, ಒಂದು ಸಣ್ಣ ಟಾರ್ಚು, ಇಷ್ಟೇ ಸಾಮಾನು. ಮುಂದಿನ ಜಾಲರಿಯ ಸಂದಿಯಲ್ಲಿ ಕಡ್ಡಿ ಇಳಿಸಿ, ಒಳಗಿನ ಚಿಲಕದ ಪುಟ್ಟ ನಾಲಗೆಯನ್ನು ಹುಡುಕಿ ಪಕ್ಕಕ್ಕೆ ಎಳೆದರೆ ಬಾನೆಟ್ ತೆರೆದುಕೊಳ್ಳುತ್ತದೆ. ಕೈ ಪಳಗಿದವನಿಗೆ ಎರಡು ನಿಮಿಷದ ಕೆಲಸ. ಅವನು ಇಪ್ಪತ್ತು ನಿಮಿಷ ಮಾಡುವನು. ಯಾರಾದರೂ ಇಣುಕಿದರೆ, "ಬೆಳಕು ಬಿದ್ರೆ ನಂಗೆ ಒಳಗೇನೂ ಕಾಣಲ್ಲ, ಆಚೆ ನಿಂತ್ಕೊಳ್ಳಿ" ಎಂದು ಗದರುವನು. ಎದುರಿನ ಪಂಕ್ಚರ್ ಅಂಗಡಿಯವನು, "ಸುಮ್ನಿರಿ ಸಾರ್, ಒಳಗೆ ಹೆರಿಗೆ ನಡೀತಿದೆ" ಎಂದು ನಿಂತವರನ್ನು ನಗಿಸುತ್ತಿದ್ದ.

ಕೊಕ್ಕೆ ಮೇಸ್ತ್ರಿ ಎಂಬ ಹೆಸರು ಬಂದದ್ದು ಆ ಕಡ್ಡಿಯಿಂದ ಎಂದು ರಸ್ತೆಯವರು ತಿಳಿದಿದ್ದರು. ಎಲ್ಲರ ಮಾತಿಗೂ ಕೊಕ್ಕೆ ಹಾಕುವ ಬುದ್ಧಿಯಿಂದ ಬಂದದ್ದು ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಅವಳ ಮಾತಿನಲ್ಲೂ ಸುಳ್ಳೇನಿರಲಿಲ್ಲ.

ಅವನ ಗಿರಾಕಿಗಳಲ್ಲಿ ಅವನಿಗೆ ಎಲ್ಲರಿಗಿಂತ ಹೆಚ್ಚೆಂದರೆ ಲೈಬ್ರರಿ ಮೇಡಂ. ಹನ್ನೊಂದು ವರ್ಷದಿಂದ ತಮ್ಮ ನೀಲಿ ಕಾರನ್ನು ಅವನ ಹತ್ತಿರವೇ ತರುತ್ತಿದ್ದರು. ಓದಿದ ಹೆಂಗಸು, ಸುಮ್ಮನೆ ಯಾರನ್ನೂ ಹೊಗಳುವವರಲ್ಲ. ಒಮ್ಮೆ ಪಂಕ್ಚರ್ ಅಂಗಡಿಯವನ ಎದುರಿಗೇ, "ಇವ್ರಿಲ್ದಿದ್ರೆ ನನ್ನ ಕಾರು ಎಂದೋ ಗುಜರಿ ಸೇರ್ತಿತ್ತು" ಎಂದಿದ್ದರು. ಆ ಮಾತನ್ನು ಮೇಸ್ತ್ರಿ ಮನೆಯಲ್ಲಿ ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ.

ಹೀಗಿರುವಾಗ ಷಡ್ಡಕ ಬಂದ. ಹೆಂಡತಿಯ ತಂಗಿಯ ಗಂಡ. ಬೇರೆ ಊರಲ್ಲಿ ದೊಡ್ಡ ವರ್ಕ್‌ಶಾಪಿನಲ್ಲಿದ್ದವನು, ಅದು ಮುಚ್ಚಿಹೋಗಿತ್ತು. "ನಿಮ್ಮ ಶೆಡ್ಡಲ್ಲಿ ಇನ್ನೊಬ್ರಿಗೆ ಜಾಗ ಇಲ್ವಾ? ನನ್ನ ತಂಗಿ ಬೀದೀಲಿ ನಿಲ್ಬೇಕಾ?" ಎಂದು ಹೆಂಡತಿ ಮೂರು ದಿನ ಮುಖ ಊದಿಸಿಕೊಂಡಿದ್ದಳು. ನಾಲ್ಕನೆಯ ದಿನ ಮೇಸ್ತ್ರಿ ಹ್ಞೂಂ ಅಂದ.

ಷಡ್ಡಕನಲ್ಲಿ ತಪ್ಪು ಹುಡುಕಲು ಮೇಸ್ತ್ರಿ ಬಹಳ ಕಷ್ಟಪಟ್ಟ. ಅವನು ಹೊತ್ತಿಗೆ ಮೊದಲೇ ಬರುತ್ತಿದ್ದ. ಪಾನಾಗಳನ್ನು ಒರೆಸಿ ಸಾಲಾಗಿ ಜೋಡಿಸುತ್ತಿದ್ದ. ಗಿರಾಕಿಗೆ ಏನು ಕೆಟ್ಟಿದೆ, ಯಾಕೆ ಕೆಟ್ಟಿತು ಎಂದು ಬಿಡಿಸಿ ಹೇಳುತ್ತಿದ್ದ. ಮೇಸ್ತ್ರಿಯ ಹತ್ತಿರ ಗಿರಾಕಿಗೆ ಸಿಗುತ್ತಿದ್ದದ್ದು "ಆಯ್ತು, ತಗೊಂಡೋಗಿ" ಎಂಬ ಎರಡೇ ಮಾತು. ಅದರ ಮೇಲೆ ಮನೆಯಲ್ಲಿ ಹೆಂಡತಿ ಬೇರೆ: "ಅವನು ಕೈ ಒರೆಸಿದ್ರೂ ಟವೆಲ್ ಬೆಳ್ಳಗೇ ಇರುತ್ತಂತೆ ಕಣ್ರೀ." ಟವೆಲ್ಲಿನ ವಿಷಯಕ್ಕೂ ಹೊಟ್ಟೆ ಉರಿಯಬಹುದು ಎಂದು ಮೇಸ್ತ್ರಿಗೆ ಗೊತ್ತಾದದ್ದು ಆವತ್ತೇ. ಆದರೂ ಬಾನೆಟ್ ಒಂದು ತನ್ನ ಕೈಯಲ್ಲಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡ.

ಆ ಸಮಾಧಾನ ಹೋದದ್ದು ಅವನು ಹಲ್ಲು ಕೀಳಿಸಲು ಹೋದ ಬೆಳಗ್ಗೆ. ಊದಿದ ಕೆನ್ನೆ, ಬಾಯಿ ತುಂಬ ಹತ್ತಿ ಇಟ್ಟುಕೊಂಡು ಅವನು ವಾಪಸು ಬಂದಾಗ ಶೆಡ್ಡಿನಲ್ಲಿ ನೀಲಿ ಕಾರು ನಿಂತಿತ್ತು. ಬಾನೆಟ್ ಆಕಾಶಕ್ಕೆ ತೆರೆದಿತ್ತು. ಬೆಡ್‌ಶೀಟು ಮೊಳೆಯಲ್ಲೇ ಇತ್ತು. ಲೈಬ್ರರಿ ಮೇಡಂ ನೆಲದ ಮೇಲೆ ಪೇಪರ್ ಹಾಸಿಕೊಂಡು ಮಂಡಿಯೂರಿ ಕಾರಿನ ಮೂತಿಯ ಕೆಳಗೆ ನೋಡುತ್ತಿದ್ದರು. ಪಕ್ಕದಲ್ಲಿ ಷಡ್ಡಕ.

"ಬನ್ನಿ ಮೇಸ್ತ್ರಿ, ಬನ್ನಿ!" ಎಂದರು ಮೇಡಂ. "ಕೇಬಲ್ ತುಂಡಾಗಿತ್ತು. ಇವ್ರು ಜಾಕ್ ಹಾಕಿ ಕೆಳಗಿಂದ ಕೈ ತೂರಿಸಿದ್ರು, ಐದು ನಿಮಿಷಕ್ಕೆ ತೆಗೆದೇ ಬಿಟ್ರು. ನಂಗೂ ತೋರಿಸಿದ್ರು. ಇಷ್ಟು ಸುಲಭಾನಾ ಇದು? ನೀವ್ಯಾಕೆ ಅಷ್ಟೊತ್ತು ಮರೆ ಕಟ್ಕೊಂಡು ಕೂರ್ತಿದ್ರಿ?"

ಮೇಸ್ತ್ರಿಯ ಬಾಯಲ್ಲಿ ಹತ್ತಿ.

ಷಡ್ಡಕ ಅಷ್ಟಕ್ಕೇ ನಿಲ್ಲಿಸಿರಲಿಲ್ಲ. "ಹಳೇ ಮಾಡಲ್ಲು ಭಾವ, ಹೊಸ ಕೇಬಲ್ ಬರೋಕೆ ಎರಡು ವಾರ ಆಗುತ್ತಂತೆ" ಎಂದ. ಅವನು ಆಗಲೇ ಸ್ಕೂಟರಿನ ಕ್ಲಚ್ ತಂತಿಯೊಂದನ್ನು ಚಿಲಕದ ನಾಲಗೆಗೆ ಕಟ್ಟಿ, ತುದಿಯನ್ನು ನಂಬರ್ ಪ್ಲೇಟಿನ ಹಿಂದೆ ಇಳಿಬಿಟ್ಟಿದ್ದ. ಅಷ್ಟು ದಿನ ಮೇಡಂ ತಾವೇ ಎಳೆದರೆ ಸಾಕು. ಮೇಡಂ ಮೂರು ಸಲ ಮುಚ್ಚಿ ಮೂರು ಸಲ ಎಳೆದು ತೆರೆದರು. ಮೂರನೆಯ ಸಲ ಚಪ್ಪಾಳೆ ಹೊಡೆದರು. ಪಂಕ್ಚರ್ ಅಂಗಡಿಯವನೂ ಹೊಡೆದ, ಕತ್ತೆ.

ಇಪ್ಪತ್ತಾರು ವರ್ಷ ಯಾರಿಗೂ ತೋರಿಸದೆ ಕಾಪಾಡಿಕೊಂಡದ್ದನ್ನು ಷಡ್ಡಕ ಪುಕ್ಕಟೆ ಹಂಚಿಬಿಟ್ಟಿದ್ದ. ಮೇಸ್ತ್ರಿಗೆ ಊಟ ಸೇರಲಿಲ್ಲ. ಹೆಂಡತಿ ಹಲ್ಲುನೋವು ಎಂದುಕೊಂಡಳು. ಷಡ್ಡಕ ನಕ್ಕರೆ ಮೈ ಉರಿಯುತ್ತಿತ್ತು, ಸುಮ್ಮನಿದ್ದರೆ ಇನ್ನೂ ಉರಿಯುತ್ತಿತ್ತು. ಅವನ ಉದ್ದ ಕೈಗಳನ್ನು ನೋಡಿ, ಕೆಳಗಿಂದ ಚಿಲಕ ಮುಟ್ಟಬೇಕಾದರೆ ದೇವರು ಇಂಥ ಕೈ ಕೊಡಬೇಕು, ನನಗೆ ಕೊಟ್ಟನಾ ಎಂದು ದೇವರ ಮೇಲೂ ಸಿಟ್ಟು ಮಾಡಿಕೊಂಡ.

ಮುಂದಿನ ವಾರ ಹಾರ್ನ್ ಕೂಗುತ್ತಿಲ್ಲವೆಂದು ಮೇಡಂ ಕಾರು ಬಿಟ್ಟುಹೋದರು. ಷಡ್ಡಕ ಬಿಡಿಭಾಗ ತರಲು ಹೋಗಿದ್ದ. ಮೇಸ್ತ್ರಿ ಹಾರ್ನ್ ಸರಿಮಾಡಿದ. ಆಮೇಲೆ ಕಟರ್ ತೆಗೆದುಕೊಂಡು, ಆ ತಂತಿಯನ್ನು ಮೇಲೆ, ಯಾರ ಬೆರಳೂ ಮುಟ್ಟದ ಕಡೆ, ಕಟಕ್ಕೆಂದು ಕತ್ತರಿಸಿದ. ಕೆಳಗಿನ ತುಂಡನ್ನು ಕಾಣುವ ಹಾಗೆ ಪ್ಲೇಟಿನ ಹಿಂದೆ ಸಿಕ್ಕಿಸಿ ಬಾನೆಟ್ ಮುಚ್ಚಿದ. ಎಳೆದಾಗ ಬರುವುದಿಲ್ಲ, ಆಗ ನನ್ನನ್ನೇ ಕರೆಯಬೇಕು, ಅಷ್ಟೇ ಅವನ ಯೋಚನೆ. ಬಹಳ ದಿನದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡ.

ಮೂರನೆಯ ದಿನ ಮಧ್ಯಾಹ್ನ ಒಂದು ವ್ಯಾನು ನೀಲಿ ಕಾರನ್ನು ಹಗ್ಗ ಕಟ್ಟಿ ಎಳೆದು ತಂದಿತು. ಹಿಂದಿನ ಸೀಟಿನಲ್ಲಿ ಮೇಡಂ ಅವರ ತಾಯಿ, ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು, ಬೆವರಿ ಬಸವಳಿದು ಕೂತಿದ್ದರು. ಕಣ್ಣಿನ ಆಸ್ಪತ್ರೆಯಿಂದ ಬರುವಾಗ ಎಂಜಿನ್ ಕಾದು ಹೊಗೆ ಬಂದಿತ್ತು. ನೀರು ಹಾಕೋಣವೆಂದು ಮೇಡಂ ತಂತಿ ಎಳೆದರೆ ತುಂಡು ಕೈಗೇ ಬಂದಿತ್ತು. ಅರ್ಧ ಗಂಟೆ ಬಿಸಿಲಲ್ಲಿ ನಿಂತಿದ್ದರಂತೆ.

ಮೇಡಂ ಆ ತುಂಡನ್ನು ಷಡ್ಡಕನ ಕೈಗೆ ಹಾಕಿ, "ಇದೇನ್ರೀ ನಿಮ್ಮ ಕೆಲಸ?" ಎಂದರು.

ಷಡ್ಡಕ ತುದಿಯನ್ನು ನೋಡಿದ. ತಾನಾಗಿ ಹರಿದ ತಂತಿ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಇದು ಚಪ್ಪಟೆಯಾಗಿ, ಹೊಳೆಯುತ್ತಿತ್ತು. ಕೆಲಸ ಬಲ್ಲವನಿಗೆ ಬೇರೆ ಸಾಕ್ಷಿ ಬೇಡ. ಅವನು ತಲೆಯೆತ್ತಿ ಭಾವನನ್ನು ಒಮ್ಮೆ ನೋಡಿದ. ಮೇಸ್ತ್ರಿ ಮುಖ ತಿರುಗಿಸಿ ಪಾನಾಗಳ ಸಾಲು ನೋಡತೊಡಗಿದ.

"ನಂದೇ ತಪ್ಪು ಮೇಡಂ" ಎಂದ ಷಡ್ಡಕ. "ಚೂಪು ಅಂಚಿಗೆ ಉಜ್ಜಿ ಹರಿದಿದೆ, ನಾನು ನೋಡ್ಬೇಕಿತ್ತು. ಈಗ ಜಾಕ್ ಹಾಕಿ ಕೆಳಗಿಂದ ಕೈ ತೂರಿಸೋಕಾಗಲ್ಲ, ಬೆಂಕಿ ಥರ ಕಾದಿದೆ. ಇದು ಭಾವನ ಕೈಯಲ್ಲೇ ಆಗ್ಬೇಕು." ತುಂಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

ಮೇಡಂ ತಾವೇ ಹೋಗಿ ಬೆಡ್‌ಶೀಟು ತಂದುಕೊಟ್ಟರು. ಮೇಸ್ತ್ರಿ ಅದನ್ನು ಕಟ್ಟಲೂ ಆಗದೆ, ಬಿಡಲೂ ಆಗದೆ ಹೆಗಲ ಮೇಲೆ ಹಾಕಿಕೊಂಡು ಎಲ್ಲರೆದುರೇ ಕೂತ. ಎರಡು ಸಲ ಕಡ್ಡಿ ಜಾರಿತು. ಮೂರನೆಯ ಸಲಕ್ಕೆ ಚಿಲಕ ಸಿಕ್ಕಿತು. ಟಕ್. ಬಾನೆಟ್ ಎದ್ದಿತು, ಆವಿ ನುಗ್ಗಿ ಬಂತು.

"ಎಷ್ಟಾದ್ರೂ ಹಳೇ ಕೈ ಹಳೇ ಕೈನೇ" ಎಂದರು ಮೇಡಂ. ಷಡ್ಡಕನ ಕಡೆ ತಿರುಗಿ, "ನೀವು ಇವ್ರ ಹತ್ರ ಇನ್ನೂ ಕಲೀಬೇಕು" ಎಂದರು.

"ಹೌದು ಮೇಡಂ" ಎಂದ ಷಡ್ಡಕ.

ಮೇಸ್ತ್ರಿಗೆ ಬೇಕಾಗಿದ್ದದ್ದು ಇದೇ ಮಾತು. ಅದು ಬಂತು, ಪಂಕ್ಚರ್ ಅಂಗಡಿಯವನ ಎದುರಿಗೇ ಬಂತು. ಅವನು ಷಡ್ಡಕನ ಮುಖ ನೋಡಿದ. ಬೈಸಿಕೊಂಡವನ ಮುಖದಲ್ಲಿ ಎಳ್ಳಷ್ಟೂ ಕಹಿಯಿರಲಿಲ್ಲ. ಆರಾಮಾಗಿ ನಿಂತಿದ್ದ, ತಂತಿಯ ತುಂಡಿದ್ದ ಮುಷ್ಟಿ ಬಿಗಿಹಿಡಿದು. ಮೇಸ್ತ್ರಿಯ ಹೊಟ್ಟೆಯಲ್ಲಿ ಆವತ್ತು ಹತ್ತಿಕೊಂಡದ್ದರ ಮುಂದೆ ಹಿಂದಿನ ಉರಿಯೆಲ್ಲ ಏನೂ ಅಲ್ಲ. ಕೆಲಸ ಅವನಿಗೆ ಚೆನ್ನಾಗಿ ಬರುತ್ತದೆ, ಮಾತು ಚೆನ್ನಾಗಿ ಬರುತ್ತದೆ. ಈಗ ದೊಡ್ಡ ಮನಸ್ಸೂ ಅವನದೇ ಆಗಬೇಕೇ?

"ನಾನೇ ಕತ್ತರಿಸಿದ್ದು" ಎಂದ ಮೇಸ್ತ್ರಿ.

ಮೇಡಂಗೆ ಅರ್ಥವಾಗಲಿಲ್ಲ. "ಏನನ್ನ?"

"ಆ ತಂತೀನ. ಹಾರ್ನ್‌ಗೆ ಬಿಟ್ಟಿದ್ರಲ್ಲ, ಆವತ್ತು. ಅವನ ತಪ್ಪಿಲ್ಲ."

ಹಿಂದಿನ ಸೀಟಿನಿಂದ ಮುದುಕಿಯ ದನಿ ಬಂತು. "ಯಾಕಪ್ಪಾ?"

"ಹೊಟ್ಟೆಕಿಚ್ಚಮ್ಮಾ" ಎಂದ ಮೇಸ್ತ್ರಿ. ಬೇರೆ ಪದ ಅವನಿಗೆ ಹೊಳೆಯಲಿಲ್ಲ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಾಯಿಯನ್ನು ಕೈಹಿಡಿದು ಇಳಿಸಿ ಆಟೋ ಹತ್ತಿಸಿದರು. ತಿರುಗಿ ಬಂದು ಕಾರಿನ ಕೀಯನ್ನು ಷಡ್ಡಕನ ಕೈಯಲ್ಲಿಟ್ಟು, "ಇನ್ಮೇಲೆ ನೀವೇ ನೋಡ್ಕೊಳ್ಳಿ" ಎಂದು ಹೊರಟುಹೋದರು.

ಆಟೋ ಮರೆಯಾದ ಮೇಲೆ ಷಡ್ಡಕನಿಗೆ ಸಿಟ್ಟು ಬಂತು. ಅವನಿಗೆ ಸಿಟ್ಟು ಬಂದದ್ದನ್ನು ಮೇಸ್ತ್ರಿ ನೋಡಿದ್ದು ಅದೇ ಮೊದಲು.

"ಯಾಕೆ ಹೇಳೋಕ್ಹೋದ್ರಿ ಭಾವ? ನಾನು ಮುಚ್ಚಾಕಿದ್ನಲ್ಲ!"

"ನೀನೊಬ್ನೇ ಒಳ್ಳೆಯವನಾಗ್ಲಿ ಅಂತ ಬಿಡ್ಬೇಕಿತ್ತೇನೋ?" ಎಂದ ಮೇಸ್ತ್ರಿ.

ಷಡ್ಡಕ ಕೀಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ನೀರು ತರಲು ಬಕೆಟ್ ಎತ್ತಿಕೊಂಡು ಹೋದ. ಮೇಸ್ತ್ರಿ ತೆರೆದ ಬಾನೆಟ್ಟಿನ ಪಕ್ಕ ನಿಂತು, ಅವನು ನಲ್ಲಿಯ ಹತ್ತಿರ ಬಗ್ಗುವುದನ್ನು, ಜೇಬಿನಿಂದ ಕೀ ಬೀಳದಂತೆ ಎಡಗೈಯಲ್ಲಿ ಎದೆಯನ್ನು ಒತ್ತಿ ಹಿಡಿಯುವುದನ್ನು ನೋಡುತ್ತಿದ್ದ.